ಮೇಲೆ ಬರುವ ಲೆಕ್ಕ ಮೊದಲು

ಬೆಂಗಳೂರಿಗೆ ಸಮುದ್ರವಿಲ್ಲ. ಕಡಲು ನೋಡಬೇಕೆಂದರೆ ಮಂಗಳೂರಿಗೋ ಚೆನ್ನೈಗೋ ಸುಮಾರು 350 ಕಿಲೋಮೀಟರ್ ಹೋಗಬೇಕು. ಹಾಗಿದ್ದರೂ ಮೂವರು ಭಾರತೀಯರನ್ನು 6,000 ಮೀಟರ್ ಆಳಕ್ಕೆ ಕರೆದೊಯ್ಯಲೆಂದು ಸಿದ್ಧವಾಗುತ್ತಿರುವ ‘ಮತ್ಸ್ಯ-6000’ ವಾಹನದ ಟೈಟಾನಿಯಂ ಗೋಳಕ್ಕೆ ಬೆಸುಗೆ ಬಿದ್ದದ್ದು ಈ ಊರಿನಲ್ಲೇ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಗಾಗಿ ಇಸ್ರೋ ಆ ಕೆಲಸವನ್ನು ತನ್ನ ದ್ರವ ನೋದನ ವ್ಯವಸ್ಥೆಗಳ ಕೇಂದ್ರದ ಬೆಂಗಳೂರು ಘಟಕದಲ್ಲಿ ಮಾಡಿತು. ಲೋಹದ ದಪ್ಪ 80 ಮಿಲಿಮೀಟರ್. ಅಷ್ಟು ದಪ್ಪದ ಟೈಟಾನಿಯಂ ಅನ್ನು ಎಲೆಕ್ಟ್ರಾನ್ ಕಿರಣದಿಂದ ಬೆಸೆಯುವ ಮೊದಲು ಸುಮಾರು 700 ಬಾರಿ ಪ್ರಯೋಗ ನಡೆದಿತ್ತು.

ಗೋಳದ ಸುದ್ದಿ ಎಲ್ಲೆಡೆ ಬಂತು. ಬರಬೇಕಾದದ್ದೇ. ಆದರೆ ಗೋಳದ ಕೆಲಸ ಒತ್ತಡವನ್ನು ತಡೆದುಕೊಳ್ಳುವುದು ಮಾತ್ರ. ವಾಹನವನ್ನು ಮುಳುಗಿಸುವ, ಮತ್ತೆ ನೀರಿನ ಮೇಲಕ್ಕೆ ತರುವ ಹೊಣೆ ಬೇರೊಂದು ಭಾಗದ್ದು. ಅದರ ಹೆಸರು ಬ್ಯಾಲಸ್ಟ್ ಟ್ಯಾಂಕ್. 2025ರ ಆರಂಭದಲ್ಲಿ ಚೆನ್ನೈ ಬಳಿಯ ಕಾಟ್ಟುಪಳ್ಳಿ ಬಂದರಿನಲ್ಲಿ ಮತ್ಸ್ಯವನ್ನು ನೀರಿಗಿಳಿಸಿ ಪರೀಕ್ಷಿಸಿದಾಗ ಈ ವ್ಯವಸ್ಥೆಯೂ ಪರೀಕ್ಷೆಗೆ ಒಳಗಾಯಿತು. ಒಬ್ಬರೋ ಇಬ್ಬರೋ ಕೂರುವ ಪುಟ್ಟ ಜಲಾಂತರ್ಗಾಮಿಯನ್ನು ಸ್ವಂತವಾಗಿ ಕಟ್ಟಲು ಹೊರಟವರಿಗೂ ನಿಜವಾದ ಪರೀಕ್ಷೆ ಇದೇ.

ಅಂಥ ವಾಹನವನ್ನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಕಟ್ಟಬಹುದೇ? ಕಟ್ಟಬಹುದು. ಕಟ್ಟುವ ಆಸೆ ಇರುವವರಿಗೆ ಅವಕಾಶ ಸಿಗಬೇಕೇ? ಸಿಗಬೇಕು. ಆದರೆ ಅದಕ್ಕೂ ಮೊದಲು, ಕಟ್ಟಿದ್ದನ್ನು ಪರೀಕ್ಷಿಸಲು ಒಂದು ಜಾಗ, ತಪಾಸಣೆ ಮಾಡಿ ಸಹಿ ಹಾಕುವ ಒಂದು ವ್ಯವಸ್ಥೆ ರಾಜ್ಯದಲ್ಲಿ ಹುಟ್ಟಬೇಕು. ಏಕೆ ಎಂಬುದು ಈ ಟ್ಯಾಂಕಿನ ಲೆಕ್ಕವನ್ನು ನೋಡಿದರೆ ತಿಳಿಯುತ್ತದೆ.

ಬಾವಿಯಲ್ಲಿ ನೀರು ಸೇದಿದವರಿಗೆ ಅರ್ಧ ಪಾಠ ಆಗಲೇ ಗೊತ್ತಿದೆ. ಖಾಲಿ ಕೊಡವನ್ನು ಬೋರಲು ಹಾಕಿ ನೀರಿಗೆ ಒತ್ತಿದರೆ ಅದು ಮುಳುಗದೆ ಕೈಯನ್ನೇ ಮೇಲಕ್ಕೆ ತಳ್ಳುತ್ತದೆ. ಸ್ವಲ್ಪ ಓರೆ ಮಾಡಿದರೆ ಬುಳಬುಳ ಎಂದು ಗಾಳಿ ಬಿಟ್ಟು, ನೀರು ಕುಡಿದು ಕೆಳಗಿಳಿಯುತ್ತದೆ. ಜಲಾಂತರ್ಗಾಮಿಯ ಮುಖ್ಯ ಬ್ಯಾಲಸ್ಟ್ ಟ್ಯಾಂಕು ಹೀಗೆ ಬೋರಲು ಹಾಕಿದ ಕೊಡವೇ. ತಳದಲ್ಲಿ ಸದಾ ತೆರೆದ ಕಿಂಡಿಗಳಿರುತ್ತವೆ, ನೆತ್ತಿಯಲ್ಲಿ ಒಂದು ವಾಲ್ವ್ ಇರುತ್ತದೆ. ವಾಲ್ವ್ ತೆರೆದರೆ ಗಾಳಿ ಮೇಲಿಂದ ಹೋಗುತ್ತದೆ, ನೀರು ಕೆಳಗಿನಿಂದ ಬರುತ್ತದೆ, ವಾಹನ ಮುಳುಗುತ್ತದೆ. ಏರಬೇಕಾದಾಗ ವಾಲ್ವ್ ಮುಚ್ಚಿ ಸಿಲಿಂಡರಿನ ಗಾಳಿಯನ್ನು ಒಳಗೆ ಬಿಟ್ಟರೆ ನೀರು ಬಂದ ದಾರಿಯಲ್ಲೇ ಹೊರಹೋಗುತ್ತದೆ. ವಿಶಾಖಪಟ್ಟಣದ ಕಡಲ ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಕುರ್ಸುರಾ ನೋಡಿ ಬಂದ ಕನ್ನಡಿಗರು ಬಹಳ ಮಂದಿ ಇದ್ದಾರೆ. 1969ರಿಂದ 2001ರವರೆಗೆ ನೌಕಾಪಡೆಯಲ್ಲಿ ದುಡಿದ ಆ ಹಡಗಿಗೆ ಎರಡು ಕವಚಗಳಿವೆ. ನೋಡುಗರು ನಡೆದಾಡುವುದು ಒಳಕವಚದೊಳಗೆ. ಎರಡು ಕವಚಗಳ ನಡುವಿನ ಜಾಗದಲ್ಲೇ ಈ ಟ್ಯಾಂಕುಗಳು ಇದ್ದವು.

ತಳ ತೆರೆದಿರುವುದರಿಂದ ಈ ಟ್ಯಾಂಕಿನ ಒಳಗೂ ಹೊರಗೂ ಒತ್ತಡ ಒಂದೇ. ಹಾಗಾಗಿ ಅದಕ್ಕೆ ದಪ್ಪ ಉಕ್ಕು ಬೇಡ. ತೆಳುವಾದ ತಗಡಾದರೂ ಸಾಕು, ನಾರು ಸೇರಿಸಿದ ಪ್ಲಾಸ್ಟಿಕ್ (ಎಫ್‌ಆರ್‌ಪಿ) ಆದರೂ ನಡೆಯುತ್ತದೆ. ಮೊದಲ ಸಲ ನಕ್ಷೆ ಬರೆಯುವವರು ಇಲ್ಲಿ ಒಂದು ತಪ್ಪು ಮಾಡುವ ಸಾಧ್ಯತೆ ಇದೆ. ಇದೇ ಟ್ಯಾಂಕಿಗೆ ಅರ್ಧ ನೀರು ತುಂಬಿ ನೀರಿನ ನಡುವೆ ತೂಗುತ್ತಾ ನಿಲ್ಲಬಹುದು ಎಂದುಕೊಳ್ಳುತ್ತಾರೆ. ನಿಲ್ಲಲಾಗದು. ವಾಹನ ಒಂದಿಷ್ಟು ಕೆಳಗಿಳಿದರೆ ಒತ್ತಡ ಹೆಚ್ಚಿ ಒಳಗಿನ ಗಾಳಿ ಕುಗ್ಗುತ್ತದೆ, ಇನ್ನಷ್ಟು ನೀರು ನುಗ್ಗುತ್ತದೆ, ವಾಹನ ಮತ್ತೂ ಬೇಗ ಇಳಿಯುತ್ತದೆ. ಮೇಲಕ್ಕೆ ಸರಿದರೆ ಗಾಳಿ ಹಿಗ್ಗಿ ನೀರನ್ನು ತಳ್ಳುತ್ತದೆ, ಏರುವ ವೇಗ ಹೆಚ್ಚುತ್ತಲೇ ಹೋಗುತ್ತದೆ. ಆದ್ದರಿಂದ ಮುಖ್ಯ ಟ್ಯಾಂಕು ನೀರಿನಡಿ ಪೂರ್ತಿ ತುಂಬಿರಬೇಕು, ಮೇಲ್ಮೈಯಲ್ಲಿ ಪೂರ್ತಿ ಖಾಲಿ ಇರಬೇಕು. ನಡುವಿನ ಸ್ಥಿತಿ ಅದರದ್ದಲ್ಲ.

ಹಗುರ-ಭಾರದ ಸಣ್ಣ ಹೊಂದಾಣಿಕೆಗೆ ಎರಡನೆಯ ಬಗೆಯ ಟ್ಯಾಂಕು ಬೇಕು. ಇದು ಎಲ್ಲ ಕಡೆ ಮುಚ್ಚಿದ್ದು, ಪೂರ್ಣ ಆಳದ ಒತ್ತಡವನ್ನು ತಡೆಯುವಂಥದ್ದು. ಇದರೊಳಕ್ಕೆ ಲೀಟರ್ ಲೆಕ್ಕದಲ್ಲಿ ನೀರು ಬಿಡುತ್ತಾರೆ, ಪಂಪಿನಿಂದ ಹೊರಹಾಕುತ್ತಾರೆ. ಇದಕ್ಕೆ ಎಷ್ಟು ಜಾಗ ಬೇಕು? 55 ಕೆ.ಜಿ. ತೂಕದವರು ಇಂದು ಕೂತು, ನಾಳೆ 90 ಕೆ.ಜಿ.ಯವರು ಕೂತರೆ ಅಲ್ಲಿಗೇ 35 ಲೀಟರ್ ವ್ಯತ್ಯಾಸ. ಇನ್ನೊಂದು ವ್ಯತ್ಯಾಸ ಕಣ್ಣಿಗೆ ಕಾಣದ್ದು. ಸಿಹಿನೀರು ಲೀಟರಿಗೆ ಒಂದು ಕೆ.ಜಿ. ತೂಗಿದರೆ ಸಮುದ್ರದ ನೀರು ಸುಮಾರು 25 ಗ್ರಾಂ ಹೆಚ್ಚು ತೂಗುತ್ತದೆ. ಎರಡು ಟನ್ನಿನ ಪುಟ್ಟ ಜಲಾಂತರ್ಗಾಮಿಗೆ ಇದು 50 ಕೆ.ಜಿ.ಯ ಅಂತರ. ಕೆರೆಯಲ್ಲಿ ತೂಕ ಸರಿಹೊಂದಿಸಿದ ವಾಹನ ಮುರುಡೇಶ್ವರದ ಆಚೆಯ ನೇತ್ರಾಣಿಯಲ್ಲಿ ಮುಳುಗಲು ಒಪ್ಪುವುದಿಲ್ಲ. ಕಡಲಿನಲ್ಲಿ ಹೊಂದಿಸಿದ್ದನ್ನು ಹಾಗೆಯೇ ತಂದು ಕೆರೆಗೆ ಬಿಟ್ಟರೆ 50 ಕೆ.ಜಿ. ಹೆಚ್ಚುವರಿ ಭಾರದೊಂದಿಗೆ ಅದು ತಳ ಸೇರುತ್ತದೆ. ಈ ಎರಡನೆಯದು ಜೀವ ತೆಗೆಯುವ ತಪ್ಪು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಹತ್ತನೇ ಒಂದರಷ್ಟು ಕಡಿಮೆ. ಇಲ್ಲಿ ಸೊನ್ನೆಗೆ ಹೊಂದಿಸಿ ಸೀಲ್ ಮಾಡಿದ ಆಳಮಾಪಕ ಕಾರವಾರದ ದಡದಲ್ಲಿ, ನೀರಿಗಿಳಿಯುವ ಮೊದಲೇ, ಸುಮಾರು ಒಂದು ಮೀಟರ್ ಆಳ ತೋರಿಸುತ್ತದೆ.

ಇನ್ನು ಗಾಳಿಯ ಲೆಕ್ಕ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. 30 ಮೀಟರ್ ಆಳದಲ್ಲಿ ಮೇಲ್ಮೈಯ ನಾಲ್ಕು ಪಟ್ಟು ಒತ್ತಡ. ಅಲ್ಲಿ 300 ಲೀಟರಿನ ಟ್ಯಾಂಕಿನಿಂದ ನೀರನ್ನು ಹೊರದೂಡಲು ಮೇಲ್ಮೈ ಲೆಕ್ಕದಲ್ಲಿ 1,200 ಲೀಟರ್ ಗಾಳಿ ಬೇಕು. 200 ಬಾರ್ ಒತ್ತಡದಲ್ಲಿ ತುಂಬಿದ 10 ಲೀಟರಿನ ಸಿಲಿಂಡರಿನಲ್ಲಿ ಸುಮಾರು 2,000 ಲೀಟರ್ ಇರುತ್ತದೆ. ಅಂದರೆ ಒಂದು ಸಿಲಿಂಡರ್ ಒಂದು ಸಲಕ್ಕೆ ಸಾಕು, ಎರಡನೆಯ ಸಲಕ್ಕೆ ಸಾಲದು. ಹಾಗಾಗಿ ಬೇರೆ ಬೇರೆ ಪೈಪು, ಬೇರೆ ಬೇರೆ ವಾಲ್ವ್ ಇರುವ ಎರಡು ಸಿಲಿಂಡರುಗಳು ಕನಿಷ್ಠ ಅಗತ್ಯ. ಸಿಲಿಂಡರಿನ ಶಿಸ್ತು ಈ ಊರಿಗೆ ಹೊಸತಲ್ಲ. ಸಿಎನ್‌ಜಿ ಆಟೊ, ಕ್ಯಾಬ್ ಓಡಿಸುವವರೆಲ್ಲ ಮೂರು ವರ್ಷಕ್ಕೊಮ್ಮೆ ಸಿಲಿಂಡರಿಗೆ ನೀರು ತುಂಬಿ ಒತ್ತಡ ಪರೀಕ್ಷಿಸುವ ಹೈಡ್ರೋ ಟೆಸ್ಟ್ ಮಾಡಿಸುತ್ತಾರೆ, ಅದರಲ್ಲಿ ತುಂಬುವ ಅನಿಲದ ಒತ್ತಡವೂ 200 ಬಾರ್ ಆಸುಪಾಸಿನದೇ.

ಟ್ಯಾಂಕಿನ ಒಳಗೆ ಅಡ್ಡ ತಗಡುಗಳೂ ಬೇಕು. ವರ್ತೂರು, ವೈಟ್‌ಫೀಲ್ಡ್ ರಸ್ತೆಗಳಲ್ಲಿ ಬೇಸಿಗೆಯಿಡೀ ಓಡಾಡುವ ನೀರಿನ ಟ್ಯಾಂಕರುಗಳನ್ನು ನೋಡಿದರೆ ಕಾರಣ ಸ್ಪಷ್ಟ. ಅರ್ಧ ತುಂಬಿದ ಟ್ಯಾಂಕರ್ ತಟ್ಟನೆ ಬ್ರೇಕ್ ಹಾಕಿದರೆ ನೀರೆಲ್ಲ ಮುಂದಕ್ಕೆ ನುಗ್ಗಿ ಲಾರಿಯನ್ನೇ ತಳ್ಳುತ್ತದೆ. ಅದನ್ನು ತಡೆಯಲು ಒಳಗೆ ತೂತಿರುವ ಅಡ್ಡ ತಗಡುಗಳನ್ನು ಬೆಸೆಯುತ್ತಾರೆ. ಜಲಾಂತರ್ಗಾಮಿ ಮುಳುಗುತ್ತಿರುವಾಗ, ಏಳುತ್ತಿರುವಾಗ ಟ್ಯಾಂಕುಗಳು ಅರ್ಧ ತುಂಬಿರುತ್ತವೆ. ಆಗ ನೀರು ಒಂದು ಕಡೆಗೆ ಸರಿದರೆ ಮೂತಿ ಕೆಳಗಾಗುತ್ತದೆ, ಇಲ್ಲವೇ ವಾಹನ ಮಗ್ಗುಲಿಗೆ ಹೊರಳುತ್ತದೆ. ಮುಂದಿನ, ಹಿಂದಿನ ಟ್ಯಾಂಕುಗಳು ಒಂದೇ ವೇಗದಲ್ಲಿ ತುಂಬುವಂತೆ ವಾಲ್ವುಗಳ ಅಳತೆ ಇಡಬೇಕಾದದ್ದೂ ಇದಕ್ಕಾಗಿಯೇ.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಗಾಳಿಯೇ ಬರದಿದ್ದರೆ?

1963ರ ಏಪ್ರಿಲ್ 10ರಂದು ಅಮೆರಿಕದ ಅಣು ಜಲಾಂತರ್ಗಾಮಿ ‘ಥ್ರೆಶರ್’ ಅಟ್ಲಾಂಟಿಕ್‌ನಲ್ಲಿ ಮುಳುಗಿ 129 ಮಂದಿ ಸತ್ತರು. ಅಪಾಯ ಕಂಡಾಗ ಸಿಬ್ಬಂದಿ ಬ್ಯಾಲಸ್ಟ್ ಟ್ಯಾಂಕುಗಳಿಗೆ ಗಾಳಿ ಬಿಟ್ಟಿದ್ದರು, ಆದರೂ ಹಡಗು ಏಳಲಿಲ್ಲ. ಆಮೇಲೆ ಅದೇ ವರ್ಗದ ‘ಟಿನೋಸಾ’ದಲ್ಲಿ ಪರೀಕ್ಷೆ ಮಾಡಿದಾಗ ಒಂದು ಕಾರಣ ಕಂಡಿತು. ಹೆಚ್ಚು ಒತ್ತಡದ ಗಾಳಿ ಒಮ್ಮೆಲೇ ಹಿಗ್ಗಿದಾಗ ವಿಪರೀತ ತಣ್ಣಗಾಗುತ್ತದೆ. ಗಾಳಿಯಲ್ಲಿದ್ದ ತೇವ ಪೈಪಿನ ಜಾಲರಿಗಳಲ್ಲಿ ಮಂಜುಗಡ್ಡೆಯಾಗಿ ದಾರಿಯನ್ನು ಕಟ್ಟಿತ್ತು. ಪಂಕ್ಚರ್ ಅಂಗಡಿಯಲ್ಲಿ ಕಂಪ್ರೆಸರಿನ ತಳದ ನಲ್ಲಿ ತಿರುಗಿಸಿ ನೀರು ಹೊರಬಿಡುವವರು ದಿನವೂ ಕಾಣುವ ತೇವವೇ ಅದು. ಆ ದುರಂತದ ಬಳಿಕ ಅಮೆರಿಕದ ನೌಕಾಪಡೆ ‘ಸಬ್‌ಸೇಫ್’ ಎಂಬ ಕಟ್ಟುನಿಟ್ಟಿನ ತಪಾಸಣೆಯ ಕ್ರಮ ತಂದಿತು. ಪ್ರತಿ ಬೆಸುಗೆಗೂ, ಪ್ರತಿ ಪೈಪಿನ ಜೋಡಣೆಗೂ ದಾಖಲೆ ಇರಬೇಕು ಎಂಬುದು ಅದರ ತಿರುಳು. ಆ ಪ್ರಮಾಣಪತ್ರ ಪಡೆದ ಒಂದು ಜಲಾಂತರ್ಗಾಮಿಯೂ ಇಂದಿನವರೆಗೆ ಮುಳುಗಿ ಕಳೆದುಹೋಗಿಲ್ಲ.

ಥ್ರೆಶರ್ ದುರಂತಕ್ಕೂ ನೂರು ವರ್ಷ ಹಿಂದೆ, 1863ರ ಅಕ್ಟೋಬರ್‌ನಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದ ‘ಹನ್ಲಿ’ ಅಭ್ಯಾಸದ ವೇಳೆ ಮುಳುಗಿ ಎಂಟು ಮಂದಿ ಸತ್ತರು. ಅದನ್ನು ಕಟ್ಟಿಸಿದ ಹೊರೇಸ್ ಹನ್ಲಿಯೂ ಅವರಲ್ಲಿದ್ದ. ಮೇಲೆತ್ತಿ ನೋಡಿದಾಗ ಮುಂದಿನ ಟ್ಯಾಂಕಿಗೆ ನೀರು ಬಿಡುವ ವಾಲ್ವ್ ತೆರೆದೇ ಇತ್ತು. ಅದರ ಟ್ಯಾಂಕುಗಳಿಗೆ ಮೇಲೆ ಮುಚ್ಚಳವೂ ಇರಲಿಲ್ಲ, ತುಂಬಿ ಹೊರಚೆಲ್ಲಿದ ನೀರು ಜನ ಕೂತಿದ್ದ ಜಾಗಕ್ಕೇ ಬರುವಂತಿತ್ತು. ಒಂದು ವಾಲ್ವನ್ನು ಮರೆತದ್ದು ಕೈತಪ್ಪು. ಆ ಒಂದು ಮರೆವು ಎಲ್ಲರನ್ನೂ ಕೊಲ್ಲುವಂತೆ ಟ್ಯಾಂಕು ಕಟ್ಟಿದ್ದು ವಿನ್ಯಾಸದ ತಪ್ಪು.

ಒಳ್ಳೆಯ ವಿನ್ಯಾಸದ ಉದಾಹರಣೆ ಇನ್ನೂ ಹಳೆಯದು. 1776ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಇಳಿದ ಡೇವಿಡ್ ಬುಶ್ನೆಲ್‌ನ ‘ಟರ್ಟಲ್’ ಒಬ್ಬನೇ ಕೂರುವ ಮರದ ವಾಹನ. ಕಾಲಿನಿಂದ ವಾಲ್ವ್ ಒತ್ತಿ ನೀರು ಬಿಟ್ಟುಕೊಳ್ಳಬೇಕು, ಕೈಪಂಪಿನಿಂದ ಹೊರಹಾಕಬೇಕು. ಅದರ ತಳದಲ್ಲಿ ಸುಮಾರು 90 ಕೆ.ಜಿ. ಸೀಸವನ್ನು ಒಳಗಿನಿಂದಲೇ ಕಳಚಿ ಕೆಳಗೆ ಬಿಡುವ ವ್ಯವಸ್ಥೆಯಿತ್ತು. 1960ರ ಜನವರಿಯಲ್ಲಿ ಇಬ್ಬರನ್ನು ಸುಮಾರು 10,900 ಮೀಟರ್ ಆಳಕ್ಕೆ ಒಯ್ದ ‘ಟ್ರಿಯೆಸ್ಟ್’ ಇದೇ ಯೋಚನೆಯನ್ನು ಇನ್ನಷ್ಟು ಗಟ್ಟಿ ಮಾಡಿತು. ಅದರ ಭಾರದ ಕಬ್ಬಿಣದ ಗುಂಡುಗಳನ್ನು ಹಿಡಿದಿದ್ದದ್ದು ವಿದ್ಯುತ್ ಅಯಸ್ಕಾಂತ. ಕರೆಂಟು ಹೋದರೆ ಗುಂಡುಗಳು ತಾವಾಗಿ ಉದುರುತ್ತವೆ, ವಾಹನ ತಾನಾಗಿ ಏಳುತ್ತದೆ.

ಮನೆಯಲ್ಲಿ ಕಟ್ಟುವವರ ನಕ್ಷೆ ಹೀಗೆ ತಲೆಕೆಳಗಾಗಿ ಶುರುವಾಗಬೇಕು. ಮೊದಲು ಕಳಚಿ ಬೀಳುವ ಭಾರ, ಆಮೇಲೆ ಗಾಳಿ, ಕೊನೆಗೆ ಮುಳುಗಿಸುವ ವಾಲ್ವ್. ಎರಡು ಟನ್ನಿನ ವಾಹನದ ಕೆಳಗೆ ನೂರು ಕೆ.ಜಿ.ಯ ತೂಕವೊಂದನ್ನು ಕೂತಲ್ಲಿಂದಲೇ ಹಿಡಿ ತಿರುಗಿಸಿ ಕಳಚುವಂತೆ ಜೋಡಿಸಿದರೆ, ಬ್ಯಾಟರಿ ಸತ್ತರೂ ಸಿಲಿಂಡರ್ ಖಾಲಿಯಾದರೂ ಮುಖ್ಯ ಟ್ಯಾಂಕು ತುಂಬಿದ್ದರೂ ನೂರು ಕೆ.ಜಿ.ಗೆ ಹತ್ತಿರದ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ಬಾಗಿಲು ತೆರೆದು ಈಜಿ ಬರಬಹುದು ಎಂಬ ನಂಬಿಕೆ ಕೆಲಸಕ್ಕೆ ಬಾರದು. 60 ಸೆಂಟಿಮೀಟರ್ ಅಗಲದ ದುಂಡು ಬಾಗಿಲಿನ ಮೇಲೆ 10 ಮೀಟರ್ ಆಳದಲ್ಲೇ ಎರಡು ಮುಕ್ಕಾಲು ಟನ್ನಿಗೂ ಮಿಕ್ಕಿ ಭಾರ ಕೂತಿರುತ್ತದೆ. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಉಂಟು. ಜಲಾಂತರ್ಗಾಮಿ ತನ್ನ ಪಾತಾಳಗರಡಿಯನ್ನು ತಾನೇ ಹೊತ್ತಿರಬೇಕು.

ಇಂಥದ್ದಕ್ಕೆ ಹವ್ಯಾಸಿಗಳು ಕೈಹಾಕಲೇಬಾರದು ಎನ್ನುವವರಿದ್ದಾರೆ. ಅವರು ಕೊಡುವ ಉದಾಹರಣೆ 2023ರ ಜೂನ್‌ನಲ್ಲಿ ಟೈಟಾನಿಕ್ ನೋಡಲು ಹೋಗಿ ಐವರೊಂದಿಗೆ ಚೂರಾದ ‘ಟೈಟನ್’. ಅದು ಹವ್ಯಾಸಿಯ ವಾಹನವಲ್ಲ, ಟಿಕೆಟ್ ಮಾರುತ್ತಿದ್ದ ಕಂಪನಿಯದ್ದು. ಈ ಕ್ಷೇತ್ರದ ಮೂವತ್ತಕ್ಕೂ ಹೆಚ್ಚು ಪರಿಣತರು 2018ರಲ್ಲೇ ಆತಂಕ ತಿಳಿಸಿ ಪತ್ರ ಬರೆದಿದ್ದರು. 2019ರಲ್ಲಿ ಬಹಾಮಾಸ್ ಬಳಿ ಅದೇ ವಾಹನದಲ್ಲಿ ಇಳಿದು, ಕವಚ ಬಿರಿಯುವ ಸದ್ದು ಕೇಳಿ, ಕಂಪನಿಯ ಮುಖ್ಯಸ್ಥರಿಗೆ ಎಚ್ಚರಿಕೆ ಕೊಟ್ಟವರು ಕಾರ್ಲ್ ಸ್ಟ್ಯಾನ್ಲಿ. ಹದಿನೈದರ ಹರೆಯದಲ್ಲಿ ತನ್ನ ಮೊದಲ ಜಲಾಂತರ್ಗಾಮಿಯನ್ನು ಸ್ವಂತವಾಗಿ ಕಟ್ಟಲು ಶುರುಮಾಡಿದ ವ್ಯಕ್ತಿ ಅವರು. ಪ್ರತಿ ಬೆಸುಗೆಯನ್ನೂ ಬಲ್ಲವನ ಕಿವಿ ಆ ಸದ್ದನ್ನು ಗುರುತಿಸಿತು. ಟೈಟನ್ ತೋರಿಸಿಕೊಟ್ಟದ್ದು ತಪಾಸಣೆಯನ್ನು ತಳ್ಳಿಹಾಕಿದರೆ ಏನಾಗುತ್ತದೆ ಎಂಬುದನ್ನು. ಯಾವ ಶೆಡ್ಡಿನಲ್ಲಿ ಕಟ್ಟಿದರು ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ.

ಶೆಡ್ಡಿನ ಮಾತು ಬಂದರೆ ಪೀಣ್ಯ ತಲೆ ಎತ್ತಿ ನಿಲ್ಲಬಹುದು. ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಇಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ತರುಣ ಎಂಜಿನಿಯರುಗಳು ತಗಡಿನ ಸೂರಿನಡಿ ಕಟ್ಟಿದ 360 ಕೆ.ಜಿ.ಯ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಬಾಹ್ಯಾಕಾಶಕ್ಕೆ ಹೋಯಿತು. ನಿರ್ವಾತಕ್ಕೆ ಹೋಗುವುದನ್ನು ಐವತ್ತು ವರ್ಷ ಹಿಂದೆ ಕಟ್ಟಿದ ಬಡಾವಣೆಗೆ ನೀರಿನಡಿ ಮೂವತ್ತು ಮೀಟರ್ ಹೋಗುವುದನ್ನು ಕಟ್ಟುವ ಕೈ ಇದೆ. ಪ್ಲೇಟ್ ಬಾಗಿಸುವವರು, ಟಿಗ್ ವೆಲ್ಡಿಂಗ್ ಮಾಡುವವರು, ವಾಲ್ವ್ ಸೀಟನ್ನು ಲೇತಿನಲ್ಲಿ ಕೂದಲೆಳೆಯಷ್ಟು ಲೆಕ್ಕಕ್ಕೆ ತರುವವರು, ಬೆಸುಗೆಯ ಬಿರುಕು ಹುಡುಕುವ ಡಿಪಿ ಟೆಸ್ಟ್, ಎಕ್ಸ್‌ರೇ ಮಾಡಿಕೊಡುವವರು ಇಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತಾರೆ. ಪಕ್ಕದ ಜಾಲಹಳ್ಳಿಯ ಬಿಇಎಲ್ ನೌಕಾಪಡೆಗೆ ಸೋನಾರ್ ಮಾಡಿಕೊಡುತ್ತದೆ. ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಪ್ರಯೋಗಾಲಯ ಡೆಬೆಲ್, ಮುಳುಗಿದ ಜಲಾಂತರ್ಗಾಮಿಯಿಂದ ಪಾರಾಗಿ ಬರಲು ತೊಡುವ ಉಡುಪನ್ನೇ ರೂಪಿಸಿದೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ಬೇರೆ ದೇಶಗಳ ಕಂಪನಿಗಳಿಗಾಗಿ ಒತ್ತಡ, ಹರಿವುಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡುವ ಎಂಜಿನಿಯರುಗಳು ತುಂಬಿದ್ದಾರೆ.

ಇಷ್ಟಿದ್ದೂ, ಎಂಜಿನಿಯರಿಂಗ್ ಕಾಲೇಜಿನ ತಂಡವೊಂದು ಇಂಥ ಟ್ಯಾಂಕು ಕಟ್ಟಿದರೆ ಅದನ್ನು ಎಲ್ಲಿ ಮುಳುಗಿಸಿ ನೋಡಬೇಕು? ಹೊರವಲಯದ ಕೆರೆಗಳಲ್ಲಿ ಆಳವಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನು ನಾಡೆಲ್ಲ ನೋಡಿದೆ. ಉಳಿಯುವುದು ನೀರು ತುಂಬಿದ ಹಳೆಯ ಕಲ್ಲು ಕ್ವಾರಿಗಳು. ಈಜಲು ಹೋದ ಹುಡುಗರ ಸಾವಿನ ಸುದ್ದಿ ಬರುವುದು ಅಂಥ ಜಾಗಗಳಿಂದಲೇ. ಬೇಲಿಯಿಲ್ಲ, ಕಾವಲಿಲ್ಲ, ತಳದಲ್ಲಿ ಏನಿದೆ ಎಂದು ತಿಳಿದಿಲ್ಲ. ಸುರಕ್ಷಿತ ಜಾಗ ಕೊಡದಿದ್ದರೆ ಉತ್ಸಾಹ ಅಲ್ಲಿಗೇ ಹೋಗುತ್ತದೆ.

ಆಕಾಶದ ವಿಷಯದಲ್ಲಿ ದೇಶ ಒಂದು ದಾರಿ ತೋರಿಸಿದೆ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2017ರಲ್ಲಿ ನೋಂದಣಿ ಕೊಟ್ಟಿತು. ಅದಕ್ಕೆ ಅವರು ವರ್ಷಗಟ್ಟಲೆ ಅಲೆಯಬೇಕಾಯಿತು, ಆದರೂ ಅಲೆಯಲು ಒಂದು ಬಾಗಿಲು ಇತ್ತು. ನೀರಿನ ವಿಷಯದಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರಚಾಲಿತ ಹಡಗುಗಳಿಗೆ ನೋಂದಣಿಯನ್ನೂ ತಪಾಸಣೆಯನ್ನೂ ಕಡ್ಡಾಯ ಮಾಡಿದೆ. ಅದನ್ನು ಜಾರಿ ಮಾಡುವ ಹೊಣೆ ಹೊತ್ತ ರಾಜ್ಯ ಸರ್ಕಾರ, ಪುಟ್ಟ ಮುಳುಗು ವಾಹನಗಳಿಗೂ ಒಂದು ತಪಾಸಣೆಯ ಕ್ರಮವನ್ನು ಬರೆಯಬಹುದು.

ಬೇಕಾದದ್ದು ದೊಡ್ಡ ಯೋಜನೆಯಲ್ಲ. ಹನ್ನೆರಡು ಮೀಟರ್ ಆಳದ ಕಾಂಕ್ರೀಟ್ ಬಾವಿ, ಅದರ ಮೇಲೆ ಮೂರು ಟನ್ ಎತ್ತುವ ಕ್ರೇನು, ಗೋಡೆಯಲ್ಲಿ ನೋಡುವ ಕಿಟಕಿ, ಪಕ್ಕದಲ್ಲಿ ಟ್ಯಾಂಕು, ವಾಲ್ವುಗಳಿಗೆ ಹೈಡ್ರೋ ಟೆಸ್ಟ್ ಮಾಡುವ ಒತ್ತಡದ ಕೋಣೆ. ತುಮಕೂರು ರಸ್ತೆಯಲ್ಲಿರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಪೀಣ್ಯಕ್ಕೆ ಕೂಗಳತೆಯಲ್ಲಿದೆ, ಅಳತೆ ಮತ್ತು ಪರೀಕ್ಷೆ ಅದರ ದಿನನಿತ್ಯದ ಕೆಲಸ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಪೀಣ್ಯ ಕೈಗಾರಿಕೆಗಳ ಸಂಘ ಮತ್ತು ನೌಕಾಪಡೆಯಿಂದ ನಿವೃತ್ತರಾದ ಕನ್ನಡಿಗ ಜಲಾಂತರ್ಗಾಮಿ ಸಿಬ್ಬಂದಿಯ ಅನುಭವ ಒಂದು ಮೇಜಿನ ಸುತ್ತ ಸೇರಿದರೆ ಪರೀಕ್ಷೆಯ ಹಂತಗಳನ್ನು ಬರೆಯಲು ಹೆಚ್ಚು ಸಮಯ ಬೇಡ. ಖರ್ಚು ಹವ್ಯಾಸಿಗಳಿಗಷ್ಟೇ ಆದದ್ದು ಎನ್ನುವಂತೆಯೂ ಇಲ್ಲ. ಅಣೆಕಟ್ಟುಗಳ ಗೇಟು ಪರೀಕ್ಷಿಸುವ ಕ್ಯಾಮೆರಾ ಯಂತ್ರ, ಮುಳುಗುಗಾರರ ಸಲಕರಣೆ, ನೀರಿನಡಿಯ ಸೆನ್ಸರ್‌ಗಳನ್ನು ತಯಾರಿಸುವ ಸಣ್ಣ ಕಂಪನಿಗಳಿಗೂ ಆ ಬಾವಿ ಬೇಕಾಗುತ್ತದೆ.

ಆ ಬಾವಿಯಲ್ಲಿ ಮೊದಲ ದಿನ ಇಳಿಯುವ ವಾಹನದೊಳಗೆ ಮನುಷ್ಯ ಇರಬಾರದು. ಸೀಟಿನ ಮೇಲೆ ಅಷ್ಟೇ ತೂಕದ ಮರಳಿನ ಚೀಲ ಕೂರಬೇಕು, ಕ್ರೇನಿನ ಹಗ್ಗ ಸಡಿಲವಾಗಿ ಕಟ್ಟಿರಬೇಕು, ಕಳಚುವ ಹಿಡಿಗೆ ಕಟ್ಟಿದ ಎಳೆ ದಡದವರೆಗೆ ಬಂದಿರಬೇಕು. ತಳ ಮುಟ್ಟಿದ ಮೇಲೆ ಬ್ಯಾಟರಿ ತಪ್ಪಿಸಿ, ಗಾಳಿಯ ವಾಲ್ವ್ ಮುಚ್ಚಿ, ತಪಾಸಕರು ಆ ಎಳೆಯನ್ನು ಜಗ್ಗಲಿ. ಮರಳಿನ ಚೀಲ ಎಷ್ಟು ಸೆಕೆಂಡಿನಲ್ಲಿ ಮೇಲೆ ಬಂತು ಎಂಬುದನ್ನು ಮೊದಲ ಪುಟದಲ್ಲಿ ಬರೆದು ಸಹಿ ಹಾಕಲಿ. ಇಂಥ ಹತ್ತು ಸಹಿಗಳಾದ ಮೇಲೆ ಕಟ್ಟಿದವರು ಒಳಗೆ ಕೂರಬಹುದು.